ಪಾರವ್ವನ ಮುಷ್ಟಿ

ನನ್ನ ಹೆಂಡತಿ ಪಾರವ್ವ ಲಿಂಗೈಕ್ಯಳಾದ ಸುದ್ದಿ ನಮ್ಮ ಮೊಮ್ಮಗ ರೋಹಿತನಿಗೆ ತಿಳಿದದ್ದು ಆಕೆಯನ್ನು ಮಣ್ಣು ಮಾಡಿದ ಮರುದಿನ. ಅವನು ಭೋಪಾಳದಿಂದ ರೈಲಿನಲ್ಲಿ ಬಂದು, ಹಡಪಸರದ ನಮ್ಮ ಮನೆಯ ಮೆಟ್ಟಿಲುಗಳನ್ನು ಎರಡೆರಡಾಗಿ ಹತ್ತಿದನು. ಕೊರಳಲ್ಲಿ ಪದಕವಿತ್ತು. ಅಜ್ಜಿಗೆ ತೋರಿಸುವವರೆಗೆ ತೆಗೆಯಬಾರದೆಂದು ರೈಲಿನಲ್ಲಿ ಮಲಗುವಾಗಲೂ ಅದನ್ನು ಹಾಗೇ ಬಿಟ್ಟಿದ್ದನಂತೆ. ಬಾಗಿಲ ಹೊರಗೆ ಚಪ್ಪಲಿಗಳ ರಾಶಿ ಕಂಡು, "ಏನವಾ, ನಾ ಗೆದ್ದ ಸುದ್ದಿ ಆಗಲೇ ಸೊಸಾಯಿಟಿ ತುಂಬ ಹಬ್ಬಿಸೀಯೇನು?" ಎಂದು ತಾಯಿಯನ್ನು ಚೇಷ್ಟೆ ಮಾಡುತ್ತ ಒಳಗೆ ಬಂದನು.

ಒಳಗೆ ಕುಳಿತವರು ಯಾರೂ ನಗಲಿಲ್ಲ. ಗೋಡೆಗೆ ಆನಿಸಿಟ್ಟ ಪಾರವ್ವನ ಭಾವಚಿತ್ರ, ಅದರ ಮುಂದೆ ದೀಪ, ವಿಭೂತಿ, ಬಿಲ್ವಪತ್ರಿ. ಅವನು ಅದನ್ನು ನೋಡಿದನು. ಆಮೇಲೆ ನನ್ನನ್ನು ನೋಡಿದನು.

"ಯಾವಾಗ?"

"ನಿನ್ನೆ ನಸುಕಿನಾಗ," ಎಂದನು ಅವನ ತಂದೆ, ನನ್ನ ಮಗ ಕಾಂತಪ್ಪ.

"ನಿನ್ನೆ ನೀರಿಗೆ ಇಳಿಯೋಕಿಂತ ಮೊದಲ ನಾ ಫೋನ್ ಮಾಡಿದ್ದೆ. ಅಜ್ಜಿ ಮಲಗ್ಯಾಳ ಅಂದ್ರಿ ನೀವು."

ಕಾಂತಪ್ಪ ತಲೆ ತಗ್ಗಿಸಿದನು. ರೋಹಿತ ಅಳಲಿಲ್ಲ. ಬೆನ್ನಿನ ಚೀಲದ ಸಮೇತ ಅಲ್ಲಿಯೇ ನೆಲಕ್ಕೆ ಕುಳಿತು, "ಒಂದು ಹಿಡಿ ಮಣ್ಣ ಹಾಕಲಿಕ್ಕೂ ಬಿಡಲಿಲ್ಲಲ್ಲಾ ನನಗ," ಎಂದನು.

ರೋಹಿತ ದೋಣಿ ಪಂದ್ಯದವನು. ಕೆನೋ ಎಂದು ಆ ದೋಣಿಗೆ ಹೆಸರು. ಮನುಷ್ಯನ ಸೊಂಟದಷ್ಟೂ ಅಗಲವಿಲ್ಲ. ಅದರಲ್ಲಿ ಒಂದು ಮೊಣಕಾಲು ಊರಿ, ಇನ್ನೊಂದು ಕಾಲು ಮುಂದಿಟ್ಟು, ಒಂದೇ ಬದಿಯಿಂದ ಹುಟ್ಟು ಹಾಕಬೇಕು. ಹುಟ್ಟು ನೀರಿನಲ್ಲಿದ್ದರೆ ದೋಣಿ ಹೊರಳದೆ ನಿಲ್ಲುತ್ತದೆ. ಹುಟ್ಟು ಎತ್ತಿ ಸುಮ್ಮನಿದ್ದರೆ ಹೊರಳುತ್ತದೆ. ಸಾವಿರ ಮೀಟರಿನ ಓಟದಲ್ಲಿ ನಮ್ಮ ಹುಡುಗನನ್ನು ಹಿಂದೆ ಹಾಕುವವರು ಈ ದೇಶದಲ್ಲಿ ಒಬ್ಬಿಬ್ಬರು ಇದ್ದಾರು. ದೌಂಡದ ರೈಲ್ವೆ ಕಚೇರಿಯಲ್ಲಿ ಕುರ್ಚಿ ಕಾಯ್ದು ನಿವೃತ್ತನಾದ ನನಗೆ ಇಂಥ ಮೊಮ್ಮಗ ಹೇಗೆ ಹುಟ್ಟಿದನೋ ಶಿವನೇ ಬಲ್ಲ.

ನಮ್ಮ ಮನೆತನದಲ್ಲಿ ಕೂಸು ಹುಟ್ಟಿದ ಕೂಡಲೆ ಲಿಂಗ ಕಟ್ಟುತ್ತಾರೆ. ಉಸಿರಿರುವವರೆಗೆ ಅದು ಮೈಮೇಲೆ ಇರಬೇಕು. ಉಸಿರು ನಿಂತ ಮೇಲೆ ಎಡ ಅಂಗೈಯಲ್ಲಿಟ್ಟು ಅದರೊಂದಿಗೇ ಮಣ್ಣು ಮಾಡುತ್ತಾರೆ. ಲಿಂಗ ಕಳೆದುಕೊಂಡವನು ಬದುಕಿದ್ದೂ ಸತ್ತವನೆಂದು ನಮ್ಮ ಹಿರಿಯರು ನಂಬಿದ್ದರು. ನಾನೂ ಹಾಗೆಯೇ ನಂಬಿ ಬೆಳೆದವನು.

ಆದರೆ ದೋಣಿಯಲ್ಲಿ ಕೊರಳ ದಾರ ತೋಳಿಗೆ ತೊಡರುತ್ತದೆ. ದೋಣಿ ಹೊರಳಿದರೆ ಲಿಂಗ ಕೆರೆಯ ತಳಕ್ಕೆ ಹೋದೀತು. ತರಬೇತಿ ಕೊಡುವ ಅಭಿಲಾಷ ಸರ್ ದಾರ ಬೇಡವೆಂದರು. ಅಂದಿನಿಂದ ರೋಹಿತ ಪ್ರತಿ ಪಂದ್ಯಕ್ಕೂ ಮೊದಲು ಲಿಂಗವನ್ನು ಬಿಳಿ ವಸ್ತ್ರದಲ್ಲಿ ಸುತ್ತಿ ಅಜ್ಜಿಯ ಕೈಗೆ ಕೊಡುತ್ತಿದ್ದನು.

ನಾನು ಒಪ್ಪಲಿಲ್ಲ. "ಮೈ ಬಿಟ್ಟು ಲಿಂಗ ಇಳಸಬಾರದು," ಎಂದೆ.

"ನನ್ನ ಕೈಯಾಗ ಇಟ್ರ ಇಳಸಿದಂಗ ಆಗ್ತದೇನ್ರೀ?" ಎಂದಳು ಪಾರವ್ವ. "ನಾ ಎರೆದು ಬೆಳೆಸಿದ ಮೈ ಅದು. ನಂದು ಬ್ಯಾರೆ, ಅಂವಂದು ಬ್ಯಾರೆ ಏನು?"

ಆಕೆಗೆ ನೀರೆಂದರೆ ಹೆದರಿಕೆ. ಬಾವಿಯ ನೀರಿಗಿಂತ ದೊಡ್ಡ ನೀರನ್ನು ಕಾಣದ ಊರಿನಲ್ಲಿ ಹುಟ್ಟಿದವಳು. ಆದರೂ ಪಂದ್ಯ ಈ ದೇಶದಲ್ಲಿ ಎಲ್ಲಿದ್ದರೂ ಬರುತ್ತಿದ್ದಳು. ಬಂದು ದಂಡೆಯ ಮೇಲೆ ಚಾಪೆ ಹಾಸಿ, ಎಡಗೈ ಮುಷ್ಟಿಯನ್ನು ಎದೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಶಿವಮಂತ್ರ ಹೇಳುತ್ತ ಕೂಡುತ್ತಿದ್ದಳು. ಅವನು ದಂಡೆಗೆ ಬಂದು ಮುಷ್ಟಿ ಬಿಡಿಸುವವರೆಗೆ ಕಣ್ಣು ತೆರೆಯುತ್ತಿರಲಿಲ್ಲ. ಮೊಮ್ಮಗ ಗೆದ್ದದ್ದನ್ನು ಆಕೆ ಒಮ್ಮೆಯೂ ಕಣ್ಣಾರೆ ಕಂಡಿಲ್ಲ.

"ಏ ಪಾರೂ, ಇಷ್ಟು ದೂರ ಬಂದು ಕಣ್ಣ ಮುಚ್ಚಿ ಕೂಡೂದಿದ್ರ, ಮನ್ಯಾಗ ಕುಂತು ಮುಚ್ಚಬಾರದಾಗಿತ್ತೇನು?" ಎಂದು ನಾನು ಹಂಗಿಸುತ್ತಿದ್ದೆ.

"ನೀವು ನೋಡ್ರಿ, ನಾ ಹಿಡೀತೀನಿ. ಇಬ್ಬರೂ ನೋಡಕೋತ ಕುಂತ್ರ ಹಿಡಿಯೋರು ಯಾರು?"

ಭೋಪಾಳದ ಕೊನೆಯ ಪಂದ್ಯ ಬಂದಾಗ ಆಕೆಗೆ ಜ್ವರ. ಎದೆಯಲ್ಲಿ ಕಫ ಕಟ್ಟಿ ಆಸ್ಪತ್ರೆಗೆ ಸೇರಿಸಿದ್ದೆವು. ಹೊರಡುವ ದಿನ ರೋಹಿತ ಅಲ್ಲಿಗೆ ಬಂದು, "ನಾ ಹೋಗೂದಿಲ್ಲ ಅಜ್ಜಿ," ಎಂದನು. ಆಕೆ ಎಡಗೈ ಚಾಚಿದಳು. ಅವನು ವಸ್ತ್ರದ ಗಂಟನ್ನು ಅದರಲ್ಲಿಟ್ಟನು. "ಹೋಗು. ನನ್ನ ಕೈ ಇನ್ನೂ ಗಟ್ಟಿ ಅದ," ಎಂದಳು.

ಅವನ ಓಟವಿದ್ದ ದಿನ ನಸುಕಿನಲ್ಲಿ ಆಕೆ ಹೋದಳು. ಕಾಂತಪ್ಪ ಆಸ್ಪತ್ರೆಯ ಮೊಗಸಾಲೆಯಲ್ಲಿ ನನ್ನ ಕೈ ಹಿಡಿದು, "ಅಪ್ಪಾ, ಅಂವಗ ಈಗ ಹೇಳೂದು ಬ್ಯಾಡ. ಮನಸ್ಸು ಅಳಗ್ಯಾಡಿದ್ರ ದೋಣಿ ಅಳಗ್ಯಾಡ್ತದ. ನೀರಾಗ ಏನಾರ ಆದ್ರ?" ಎಂದನು. ಅಭಿಲಾಷ ಸರ್‌ಗೆ ಮಾತ್ರ ತಿಳಿಸಿದೆವು. ರೋಹಿತನ ಫೋನ್ ಬಂದಾಗ ಆಕೆಯನ್ನು ಮನೆಗೆ ತಂದಿದ್ದೆವು. ಕಾಂತಪ್ಪ ಅಡಿಗೆಮನೆಗೆ ಹೋಗಿ ಬಾಗಿಲು ಹಾಕಿಕೊಂಡು ಮಾತಾಡಿದನು. ಹೊರಗೆ ಹೆಂಗಸರು ಅಳುವುದು ಕೇಳಬಾರದೆಂದು ಅವನ ಹೆಂಡತಿ ಶೈಲಾ ಎಲ್ಲರಿಗೂ ಕೈ ಮುಗಿಯುತ್ತ ಸುಮ್ಮನಿರಿಸಿದಳು. ಇಷ್ಟು ವರ್ಷ ನನ್ನೊಂದಿಗೆ ಬಾಳಿದವಳ ಮುಂದೆ ಕುಳಿತು ನಾನು ಅಳಬೇಕಾಗಿತ್ತು. ನನ್ನ ಕಿವಿ ಮಾತ್ರ ಆ ಮುಚ್ಚಿದ ಬಾಗಿಲ ಕಡೆಗಿತ್ತು. ಅವನು ಈಗ ನೀರಿಗಿಳಿದನೋ, ಈಗ ಅರ್ಧ ದಾರಿಯಲ್ಲಿದ್ದಾನೋ, ಈ ಮನೆಯಿಂದ ಇನ್ನೊಂದು ಸುದ್ದಿಯೂ ಹೊರಡುವುದಿದೆಯೋ ಎಂದು ಲೆಕ್ಕ ಹಾಕುತ್ತಿದ್ದೆ.

ಅಯ್ಯನವರು ಬಂದರು. ನಮ್ಮ ಮಠದ ವೃದ್ಧ ಜಂಗಮರು ಅವರು. ವಿಧಿಯಂತೆ ಲಿಂಗವನ್ನು ಅಂಗೈಯಲ್ಲಿ ಇಡಿಸಬೇಕೆಂದು ಎಡಗೈ ಹಿಡಿದರು. ಮುಷ್ಟಿ ಮೊದಲೇ ಮುಚ್ಚಿತ್ತು. ಬೆರಳ ಸಂದಿಯಲ್ಲಿ ಬಿಳಿ ವಸ್ತ್ರ ಕಂಡಿತು. ಅಯ್ಯನವರು ಕಣ್ಣಿಗೊತ್ತಿಕೊಂಡರು.

"ತನ್ನ ಲಿಂಗ ತಾನ ಹಿಡಕೊಂಡು ಹೋಗ್ಯಾಳ. ಭಾಗ್ಯವಂತಿ. ಈ ಮುಷ್ಟಿ ಯಾರೂ ಬಿಡಿಸಬ್ಯಾಡ್ರಿ."

ಯಾರೂ ಬಿಡಿಸಲಿಲ್ಲ. ನಾನೂ ಆ ಮುಷ್ಟಿಯನ್ನು ನೋಡಿದೆ. ಎಲ್ಲರಿಗೆ ತೋರಿದ್ದೇ ನನಗೂ ತೋರಿತು.

ರೋಹಿತ ಬಂದ ದಿನ ಸಂಜೆಗೆ ಸ್ನಾನ ಮಾಡಿ, ಒದ್ದೆ ಕೂದಲಿನಲ್ಲಿ ಬಂದು ನಿಂತು, "ಅವ್ವಾ, ನನ್ನ ಲಿಂಗ ಕೊಡು. ಪೂಜಿ ಮಾಡಬೇಕು," ಎಂದನು.

ಶೈಲಾ ಕಪಾಟಿನಿಂದ ಆಸ್ಪತ್ರೆಯವರು ಕೊಟ್ಟ ಪ್ಲಾಸ್ಟಿಕ್ ಚೀಲ ತಂದಳು. ಪಾರವ್ವನನ್ನು ಆಸ್ಪತ್ರೆಗೆ ಸೇರಿಸಿದ ದಿನವೇ, ರೋಹಿತ ಅಲ್ಲಿಗೆ ಬರುವ ಮೊದಲು, ದಾದಿಯರು ಕೊರಳಲ್ಲಿ, ಕೈಯಲ್ಲಿ ಇದ್ದುದನ್ನೆಲ್ಲ ತೆಗೆದು ಅದರಲ್ಲಿ ಹಾಕಿ ಕೊಟ್ಟಿದ್ದರು. ಶೈಲಾ ಅದನ್ನು ಬಿಚ್ಚಿರಲೇ ಇಲ್ಲ. ಬಳೆಗಳು ಬಂದವು, ತಾಳಿ ಬಂದಿತು. ಕಡೆಗೆ ಬೆಳ್ಳಿಯ ಕರಡಿಗೆ ಬಂದಿತು. ಲಿಂಗವಿಡುವ ಆ ಡಬ್ಬಿ ಪಾರವ್ವನ ತವರಿನದು, ಒಂದು ಬದಿ ತಗ್ಗು ಬಿದ್ದದ್ದು. ನಾನು ಅದನ್ನು ತೆರೆದೆ. ಒಳಗೆ ಪಾರವ್ವನ ಲಿಂಗ ಇತ್ತು.

ಶೈಲಾ ಮೆಲ್ಲಗೆ, "ಹಂಗಾರ ಕೈಯಾಗ ಇದ್ದದ್ದು…" ಎಂದವಳು ಮಗನ ಮುಖ ನೋಡಿ ಬಾಯಿಗೆ ಸೆರಗು ಒತ್ತಿಕೊಂಡಳು.

ಬದುಕಿರುವ ಹುಡುಗನ ಲಿಂಗವನ್ನು ನಾವು ಮಣ್ಣು ಮಾಡಿದ್ದೆವು.

ಅಂದಿನಿಂದ ನನಗೆ ನಿದ್ರೆ ದೂರವಾಯಿತು. ಅವನು ಮೆಟ್ಟಿಲಿಳಿದರೆ ಹೆದರಿಕೆ. ಸ್ನಾನಕ್ಕೆ ಹೋಗಿ ತಡ ಮಾಡಿದರೆ ಹೆದರಿಕೆ. ಹಡಪಸರದ ರಸ್ತೆಯಲ್ಲಿ ಗಾಡಿಗಳ ನಡುವೆ ಮೋಟರ್ ಸೈಕಲ್ ಮೇಲೆ ಹೊರಟನೆಂದರೆ, ಅದರ ಸದ್ದು ಮರಳಿ ಕೇಳುವವರೆಗೆ ಕಿಟಕಿ ಬಿಡುತ್ತಿರಲಿಲ್ಲ. ಗುದ್ದಲಿ ತೆಗೆದುಕೊಂಡು ಹೋಗಿ ರುದ್ರಭೂಮಿಯ ಆ ಮಣ್ಣನ್ನು ನಾನೇ ತೆಗೆಯಲೇ ಎಂಬ ವಿಚಾರ ಬಂದು, ಅದಕ್ಕೂ ಹೆದರಿದೆ.

ರೋಹಿತ ನೀರಿನ ಕಡೆ ಸುಳಿಯಲಿಲ್ಲ. ಖಡಕವಾಸಲಾ ಅಣೆಕಟ್ಟಿನ ನೀರಿನ ದಂಡೆಯಲ್ಲಿ ಅವನ ದೋಣಿ ಮಗುಚಿ ಹಾಕಿದ್ದು ಹಾಗೇ ಇತ್ತು. ಏಷ್ಯಾದ ಪಂದ್ಯಕ್ಕೆ ಆರಿಸಿದವರ ಶಿಬಿರ ಮುಂದಿನ ವಾರ ಶುರು. ಬರದಿದ್ದರೆ ಅವನ ಜಾಗಕ್ಕೆ ಬೇರೆಯವರನ್ನು ತೆಗೆದುಕೊಳ್ಳುತ್ತಾರೆಂದು ಅಭಿಲಾಷ ಸರ್ ಫೋನ್ ಮಾಡಿ ಹೇಳುತ್ತಿದ್ದರು. ಅವನು ಹೂಂ ಎಂದು ಫೋನ್ ಇಟ್ಟು, ಗ್ಯಾಲರಿಯಲ್ಲಿ ನನ್ನ ಪಕ್ಕ ಬಂದು ಕೂಡುತ್ತಿದ್ದನು. ಕೂತು, ಮುಗಿದ ವರ್ಷದ ಪಂದ್ಯಗಳನ್ನು ಒಂದೊಂದಾಗಿ ತೆಗೆಯುತ್ತಿದ್ದನು.

"ಛಳಿಗಾಲದಾಗ ಇಲ್ಲೇ ಖಡಕವಾಸಲಾದಾಗ ಮೊದಲನೇದು. ಮಂಜಿನಾಗ ಸಾಲಿನ ಗುರುತಿಗಂತ ತೇಲಿ ಬಿಟ್ಟ ಬುರುಡಿ ಸುದ್ದಾ ಕಾಣತಿರಲಿಲ್ಲ. ಅವತ್ತು ಹೆದರಿಕೀನ ಇರಲಿಲ್ಲ ಅಜ್ಜಾ. ಥಾಯ್ಲಂಡಕ್ಕ ಹೋದಾಗ ಅಜ್ಜಿ ಬರಲಿಲ್ಲ, ನೆನಪದೇನು?"

"ಹೆಂಗ ಮರೀಲಿ? ನೀ ಬರೂತನಕ ಮುಷ್ಟಿ ಬಿಡಲಿಲ್ಲ. ಒಂದ ಕೈಲೆ ರೊಟ್ಟಿ ಬಡಿಯಾಕ ಬರೂದಿಲ್ಲಂತ ನಮಗೆಲ್ಲ ಅನ್ನಾನ ಹಾಕಿದಳು."

ಅವನು ನಕ್ಕನು. ಅಜ್ಜಿ ಹೋದ ಮೇಲೆ ಅದೇ ಮೊದಲು ನಕ್ಕದ್ದು. ಆಮೇಲೆ, "ತೆಹರಿ," ಎಂದನು.

ತೆಹರಿಯದನ್ನು ನಾನು ಕಣ್ಣಾರೆ ಕಂಡಿದ್ದೆ. ಹಿಮಾಲಯದ ನೀರು, ಕೈಯಿಟ್ಟರೆ ಮರಗಟ್ಟುವಂಥದು. ನಡುದಾರಿಯಲ್ಲಿ ಅಡ್ಡಗಾಳಿ ಎದ್ದು ರೋಹಿತನ ದೋಣಿ ಹೊರಳಿತು. ಅವನು ಕಾಣಲಿಲ್ಲ. ಬರಿಯ ದೋಣಿಯ ಹೊಟ್ಟೆ ಕಾಣಿಸುತ್ತಿತ್ತು. ನಾನು ಎದ್ದು ನಿಂತೆ. ನನ್ನ ಕಾಲ ಬಳಿ ಪಾರವ್ವ ಕಣ್ಣು ಮುಚ್ಚಿ ಶಿವ ಶಿವ ಎನ್ನುತ್ತಿದ್ದಳು. ಕಾವಲಿನ ದೋಣಿಯವರು ಎಳೆದು ತಂದರು. ತುಟಿ ನೀಲಿಗಟ್ಟಿದ್ದವನು ದೂರದಿಂದಲೇ ನನಗೆ ಅಜ್ಜಿಗೆ ಹೇಳಬೇಡವೆಂದು ಸನ್ನೆ ಮಾಡಿದನು. ಬಂದು ಅಜ್ಜಿಯ ಮುಷ್ಟಿ ಬಿಡಿಸಿದನು. "ಯಾಕೋ ಇಷ್ಟು ತೊಯ್ಸಿಕೊಂಡೀ?" ಎಂದಳು ಆಕೆ. "ಭಾಳ ಸೆಕಿ ಆಗಿತ್ತು ಅಜ್ಜಿ, ಈಸಿ ಬಂದೆ." "ಈ ಥಂಡ್ಯಾಗ? ನಿಮ್ಮಜ್ಜನ ತಲಿ ಬಂದದ ನಿನಗ," ಎಂದು ಆಕೆ ಸೆರಗಿನಿಂದ ಅವನ ತಲೆ ಒರೆಸಿದಳು.

"ನೀರಾಗ ಮ್ಯಾಲ ಯಾವುದು ಕೆಳಗ ಯಾವುದು ತಿಳೀಲಿಲ್ಲ ಅಜ್ಜಾ," ಎಂದನು ಈಗ ರೋಹಿತ. "ಎದಿ ಹಿಡಕೊಂಡು ಉಸಿರ ಹೊರಗ ಹೋಗವಲ್ದು, ಒಳಗ ಬರವಲ್ದು. ಮ್ಯಾಲ ಬಂದಾಗ ಮೊದಲ ಕಂಡಾಕಿ ಅಜ್ಜಿ. ಕಣ್ಣ ಮುಚ್ಚಿ ಕುಂತಿದ್ದಳು. ಅವತ್ತಿನಿಂದ ಪ್ರತಿ ಸಲ ನನಗ ಹೆದರಿಕಿ. ಯಾರಿಗೂ ಹೇಳಿಲ್ಲ, ಸರ್‌ಗೂ ಹೇಳಿಲ್ಲ. ಸಾಲಿನಾಗ ದೋಣಿ ತಂದು ನಿಲ್ಲಿಸಿದ ಮ್ಯಾಲ ಒಮ್ಮೆ ದಂಡಿ ಕಡೆ ನೋಡತಿದ್ದೆ. ಆಕಿ ಹಿಡಿದಾಳಂತ ಖಾತ್ರಿ ಆದ್ರ ಸಾಕು."

"ಭೋಪಾಳದಾಗ?"

"ಭೋಪಾಳದಾಗ ಆಸ್ಪತ್ರಿ ನೆನಿಸಿಕೊಂಡೆ. ಅಲ್ಲಿ ಹಿಡಿದಾಳಂದೆ. ಗೆದ್ದೆ." ಅವನ ದನಿ ಕುಂದಿತು. "ಆವಾಗ ಆಕೀನ ಇರಲಿಲ್ಲ. ಯಾರು ಹಿಡಿದಿದ್ರು ಅಜ್ಜಾ ನನ್ನ?"

ಆಕೆ ಹಿಡಿದೇ ಇದ್ದಳು. ಮಣ್ಣಿನ ಒಳಗೂ ಹಿಡಿದಿದ್ದಾಳೆ. ನನ್ನ ಭಯವೂ ಅದೇ. ಅದನ್ನು ಅವನಿಗೆ ಹೇಗೆ ಹೇಳಲಿ?

ಮರುದಿನ ಅಯ್ಯನವರ ಬಳಿಗೆ ಹೋದೆವು. ನಡೆದದ್ದನ್ನೆಲ್ಲ ಅವರಿಗೆ ಹೇಳಿದೆವು. ನಾನು ತಡೆಯಲಾರದೆ, "ಆ ಮಣ್ಣು ತೆಗೆಸಲಿಕ್ಕೆ ಬರ್ತದೇನ್ರೀ ಅಯ್ಯನವರ?" ಎಂದುಬಿಟ್ಟೆ.

"ಹೊಳಬಸಪ್ಪಾ, ಆ ಮಾತು ಇನ್ನೊಮ್ಮಿ ಬಾಯಾಗ ಬರಬಾರದು. ಮುಚ್ಚಿದ್ದು ಮುಚ್ಚಿತು."

"ಅಂವ ಜೀವಂತ ಅದಾನ್ರಿ. ಅಂವನ ಲಿಂಗ ಮಣ್ಣಾಗ ಅದ."

"ಶಿವನ ಕಡೆ ಅದ. ಕಳೀಲಿಲ್ಲ, ಬೀಳಲಿಲ್ಲ. ಪ್ರೀತಿಲೆ ಹಿಡಿದ ಕೈಯಾಗ ಅದ. ನಿನಗ ಹೆದರಿಕಿ ಆಗೇದ, ಅದಕ್ಕ ನಾ ಏನೂ ಅನ್ನೂದಿಲ್ಲ." ಅವರು ರೋಹಿತನ ಕಡೆ ತಿರುಗಿದರು. "ನಿನಗ ವಿಧಿಪ್ರಕಾರ ಹೊಸ ಲಿಂಗ ಕೊಡ್ತೀನಿ. ಅದನ್ನ ಇನ್ನ ಯಾರ ಕೈಗೂ ಕೊಡಬ್ಯಾಡ. ಮೈಗೆ ಕಟ್ಟಿಕೋ. ಹೆಂಗ ಕಟ್ಟಿಕೊಂಡ್ರ ತೊಡರೂದಿಲ್ಲ, ಅದನ್ನ ನೀನ ಹುಡುಕು. ನಿಮ್ಮಜ್ಜಿ ಲಿಂಗ ಆಳ ನೀರಿಗೆ ಹೋಗಬೇಕು. ದಂಡಿಗೆ ಬಿಡಬಾರದು, ಕಾಲ ತುಳೀತಾವ. ಮನ್ಯಾಂವನ ಎರಡೂ ಕೈಲೆ ಬಿಡಬೇಕು."

ಕಾಂತಪ್ಪ, "ಮೋಟರ್ ದೋಣಿ ಕೇಳಿ ನಾ ಬಿಟ್ಟು ಬರ್ತೀನ್ರಿ," ಎಂದನು.

"ನಾ ಒಯ್ತೀನಿ. ನನ್ನ ದೋಣ್ಯಾಗ," ಎಂದನು ರೋಹಿತ.

ನಾನು ಅವನ ತೋಳು ಹಿಡಿದೆ. "ಎರಡೂ ಕೈಲೆ ಬಿಡಬೇಕಂದ್ರ ಹುಟ್ಟ ಎತ್ತಬೇಕಾಗ್ತದ. ಹುಟ್ಟ ಎತ್ತಿದ್ರ ನಿನ್ನ ದೋಣಿ ನಿಲ್ಲತದೇನು?"

"ನಿಲ್ಲೂದಿಲ್ಲ," ಎಂದನು. "ವರ್ಷಾನುಗಟ್ಟಲೆ ಆಕಿ ನಂದು ಹಿಡಿದಳು. ಆಕೀದು ಒಮ್ಮಿ ನಾ ಹಿಡೀಬಾರದೇನು ಅಜ್ಜಾ?"

ಹೊಸ ಲಿಂಗ ಕಟ್ಟಿಸಿಕೊಂಡ ಮರುದಿನ ಬೆಳಿಗ್ಗೆ ಖಡಕವಾಸಲಾಕ್ಕೆ ಹೋದೆವು. ಗಾಳಿ ಇರಲಿಲ್ಲ. ನೀರು ಮಾತ್ರ ಆಚೆಯ ಗುಡ್ಡದವರೆಗೂ ಹಬ್ಬಿತ್ತು. ಅಭಿಲಾಷ ಸರ್ ಕಾವಲಿನ ದೋಣಿಯನ್ನು ಸಜ್ಜು ಮಾಡಿ ನಿಂತಿದ್ದರು. ನನ್ನ ಮುಖ ನೋಡಿ, "ಆಜೋಬಾ, ಘಾಬರೂ ನಕಾ, ಮೀ ಆಹೇ ನಾ," ಎಂದರು. ಹೆದರಬೇಡಿ, ನಾನಿದ್ದೇನಲ್ಲ ಎಂದು ಮರಾಠಿಯಲ್ಲಿ ಹೇಳಿದ ಧೈರ್ಯ ಅದು. ಧೈರ್ಯ ಬರಲಿಲ್ಲ.

ರೋಹಿತ ಅಂಗಿ ಬಿಚ್ಚಿದನು. ರೂಢಿಯಂತೆ ಕೊರಳಿಗೆ ಕೈ ಹಾಕಿ, ಹೊಸ ಲಿಂಗವನ್ನು ವಸ್ತ್ರದ ಸಮೇತ ತೆಗೆದು ನನ್ನ ಕಡೆಗೆ ಚಾಚಿದನು. ನನ್ನ ಕೈಯೂ ತಾನಾಗಿ ಮುಂದೆ ಹೋಯಿತು. ಅವನು ಅರೆಗಳಿಗೆ ತಡೆದು ಕೈ ಹಿಂದಕ್ಕೆ ತೆಗೆದುಕೊಂಡನು. ಒಂದು ಅಗಲವಾದ ಪಟ್ಟಿಯಿಂದ ಅದನ್ನು ಎದೆಗೆ ಬಿಗಿಯಾಗಿ ಸುತ್ತಿ, ಮೇಲೆ ಬನಿಯನ್ನು, ಅದರ ಮೇಲೆ ತೇಲುವ ಜಾಕೀಟು ಹಾಕಿಕೊಂಡನು. ತೋಳುಗಳನ್ನು ಗಾಳಿಯಲ್ಲಿ ಬೀಸಿ ನೋಡಿದನು. ಎಲ್ಲಿಯೂ ತೊಡರಲಿಲ್ಲ. ಪಾರವ್ವನ ಲಿಂಗವನ್ನು ಬಿಲ್ವಪತ್ರಿಯ ಸಮೇತ ವಸ್ತ್ರದಲ್ಲಿಟ್ಟು, ದೋಣಿಯಲ್ಲಿ ತನ್ನ ಮುಂದಿನ ಪಾದದ ಬಳಿ ಇಡಲು ಹೋದವನು, "ಕಾಲ ಬಳಿ ಬ್ಯಾಡ," ಎಂದು ಹಲ್ಲಿನಲ್ಲಿ ಗಂಟನ್ನು ಕಚ್ಚಿಕೊಂಡನು.

ಅವನು ಹೋದನು. ಹುಟ್ಟು ಬಿದ್ದಲ್ಲಿ ಒಂದು ಸಣ್ಣ ಸುಳಿ ಉಳಿಯುತ್ತಿತ್ತು. ದೋಣಿ ಚಿಕ್ಕದಾಗುತ್ತ ಹೋಗಿ, ನಡುನೀರಿನಲ್ಲಿ ನಿಂತಿತು. ಅವನು ಹುಟ್ಟನ್ನು ದೋಣಿಗೆ ಅಡ್ಡಲಾಗಿಟ್ಟದ್ದು ಕಂಡಿತು. ಎರಡೂ ಕೈಗಳು ಬಾಯಿಯ ಬಳಿಗೆ ಹೋದದ್ದು ಕಂಡಿತು. ದೋಣಿ ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ತೂಗಿತು. ಅಷ್ಟೇ ನಾನು ನೋಡಿದ್ದು.

ನೀರಿನ ಸದ್ದೊಂದು ಕೇಳಿತು. ಅಭಿಲಾಷ ಸರ್ ಏನೋ ಕೂಗಿದರು. ಮೋಟರ್ ಗುಡುಗಿ ದೂರವಾಯಿತು. ಆಮೇಲೆ ಏನೂ ಇಲ್ಲ. ತೆಹರಿಯಲ್ಲಿ ಎದ್ದು ನಿಂತು ನೋಡಿದವನಿಗೆ ಈಗ ನೋಡಲು ಧೈರ್ಯವಿರಲಿಲ್ಲ. ಶಿವ ಶಿವ ಎನ್ನುತ್ತಿದ್ದೆನೋ, ಪಾರೂ ಪಾರೂ ಎನ್ನುತ್ತಿದ್ದೆನೋ ಹೇಳಲಾರೆ.

"ಅಜ್ಜಾ, ಕಣ್ಣ ತೆಗೀರಿ."

ಅವನು ಎದುರಿಗೆ ನಿಂತಿದ್ದನು. ತಲೆಯಿಂದ ನೀರು ಸುರಿಯುತ್ತಿತ್ತು. ನಾನು ದಂಡೆಯ ಮಣ್ಣಿನಲ್ಲಿ ಕುಳಿತಿದ್ದೆ. ಎಡಗೈ ನನ್ನ ಕೊರಳ ಲಿಂಗವನ್ನು ಮುಷ್ಟಿಯಲ್ಲಿ ಹಿಡಿದು ಎದೆಗೆ ಒತ್ತಿತ್ತು.

"ಹೊಳ್ಳಿತೇನೋ?"

"ಹೊಳ್ಳಿತು. ಅಜ್ಜೀನ್ನ ಬಿಟ್ಟ ಮ್ಯಾಲ ಹೊಳ್ಳಿತು. ಎರಡೂ ಕೈಲೆ ಬಿಟ್ಟೆ."

"ಹೆದರಿದ್ಯಾ?"

"ಭಾಳ ಹೆದರಿದೆ. ಆಮ್ಯಾಲ ಎದಿ ಮುಟ್ಟಿ ನೋಡಿಕೊಂಡೆ. ಇತ್ತು. ಮ್ಯಾಲ ಬಂದೆ." ಅವನು ಮೊಣಕಾಲೂರಿ, ಅಜ್ಜಿಗೆ ಮಾಡುತ್ತಿದ್ದ ಹಾಗೆಯೇ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದನು. "ಇನ್ನೊಂದು ಸುತ್ತು ಹೋಗಿ ಬರ್ಲೇನ್ರೀ? ಸರ್ ಹೂಂ ಅಂದಾರ."

ಬೇಡವೆನ್ನಲು ಬಾಯಿ ತೆರೆದೆ. ಆದರೆ ಹೂಂ ಎಂದು ತಲೆಯಾಡಿಸಿದೆ. ಅವನು ದೋಣಿಯ ನೀರು ಚೆಲ್ಲಿ ಮತ್ತೆ ಹೊರಟನು.

ಅವನು ಈಗ ಶಿಬಿರದಲ್ಲಿದ್ದಾನೆ. ನನ್ನ ಭಯ ಹೋಗಿಲ್ಲ. ಈ ಮೈ ಇರುವವರೆಗೆ ಹೋಗಲಿಕ್ಕೂ ಇಲ್ಲ. ಅವನು ನೀರಿಗಿಳಿಯುವ ಹೊತ್ತಿಗೆ ಇಲ್ಲಿ ಪಾರವ್ವನ ಚಾಪೆಯ ಮೇಲೆ ಕೂಡುತ್ತೇನೆ.

ಶಿವನೇ, ಆಕೆ ಬಹಳ ದಿನ ಹಿಡಿದಳು. ಆ ಕೈ ನೋಯುತ್ತಿರಬೇಕು. ಹುಡುಗನು ಈಗ ತನ್ನದನ್ನು ತಾನು ಕಟ್ಟಿಕೊಂಡಿದ್ದಾನೆಂದು ಆಕೆಗೆ ತಿಳಿಸು. ಆಕೆಯ ಮುಷ್ಟಿಯನ್ನು ನೀನೇ ಮೆಲ್ಲಗೆ ಬಿಡಿಸಿ, ಅದರಲ್ಲಿದ್ದುದನ್ನು ನಿನ್ನ ಬಳಿ ಇಟ್ಟುಕೋ. ದಂಡೆಯ ಮೇಲೆ ಒಮ್ಮೆಯೂ ತೆರೆಯದ ಆ ಕಣ್ಣುಗಳು ಇನ್ನು ತೆರೆದು, ಹೆದರಿಕೆಯಿಲ್ಲದೆ ನಿನ್ನನ್ನು ನೋಡಲಿ. ನನ್ನ ಪಾರವ್ವನಿಗೆ ನಿನ್ನಲ್ಲಿ ಶಾಂತಿ ದೊರೆಯಲಿ.